ಓಲೆ ಒಯ್ಯುವವನ ಕಣ್ಣು

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹ ವಿದ್ವಾಂಸರ ಗಮನಕ್ಕೆ ಬಂದದ್ದು 1977ರಲ್ಲಿ. ಅಶೋಕ ಎಂಬ ಹೆಸರನ್ನೇ ಸ್ಪಷ್ಟವಾಗಿ ನಮೂದಿಸಿರುವ ಶಾಸನಗಳು ಬೆರಳೆಣಿಕೆಯಷ್ಟು, ನಿಟ್ಟೂರಿನದು ಅವುಗಳಲ್ಲೊಂದು. ದೂರದ ಪಾಟಲಿಪುತ್ರದ ದೊರೆ ತುಂಗಭದ್ರೆಯ ಸೀಮೆಯ ಜನರಿಗೆ ಹೇಳಬೇಕೆಂದಿದ್ದ ಮಾತನ್ನು ಕಲ್ಲಿನಲ್ಲಿ ಕೊರೆಯಿಸಿದ. ಆ ಮಾತಿಗೆ ಮುಚ್ಚುಮರೆ ಇರಲಿಲ್ಲ. ಓದಬಲ್ಲವರು ಯಾರು ಬೇಕಾದರೂ ಓದಲಿ ಎಂಬುದೇ ಅದರ ಉದ್ದೇಶ. ಕುರುಗೋಡಿನಿಂದ ಆಳಿದ ಸಿಂದ ಅರಸರ ಕಾಲದ ದಾನಶಾಸನಗಳೂ ಇದೇ ಬಗೆಯವು. ಯಾವ ಗುಡಿಗೆ ಯಾರು ಎಷ್ಟು ಭೂಮಿ ಬಿಟ್ಟರೆಂಬುದು ಊರಿಗೆಲ್ಲ ಗೊತ್ತಿದ್ದರೇ ದಾನ ಉಳಿಯುತ್ತಿತ್ತು.

ಆದರೆ ಎಲ್ಲ ಮಾತೂ ಕಲ್ಲಿನ ಮೇಲೆ ಬರೆಯುವಂಥದ್ದಲ್ಲ. ವ್ಯಾಪಾರಿ ತನ್ನ ಪಾಲುದಾರನಿಗೆ ತಿಳಿಸುವ ಹತ್ತಿಯ ಧಾರಣೆ, ಮಗಳು ತವರಿಗೆ ಬರೆಯುವ ಕಷ್ಟಸುಖ, ರೋಗಿ ವೈದ್ಯನಿಗೆ ಹೇಳಿಕೊಳ್ಳುವ ಸಂಕಟ ಇವೆಲ್ಲ ಇಂಥವರಿಗೆ ಮಾತ್ರ ಎಂದು ಹೊರಡುವ ಮಾತುಗಳು. ಅವು ತಲುಪಬೇಕಾದರೆ ನಡುವೆ ಮತ್ತೊಬ್ಬರ ಕೈ ದಾಟಲೇಬೇಕು. ಆ ನಡುವಿನ ಕೈಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಓಲೆಯಷ್ಟೇ ಹಳೆಯದು.

ಇಂದು ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ನಿಂತ ಯುವಕ ಮೊಬೈಲಿನಲ್ಲಿ ಒಂದು ಪುಟ ತೆರೆದರೆ ಅವನ ಕೋರಿಕೆ ಕ್ಷಣಮಾತ್ರದಲ್ಲಿ ಇಂಥ ಹತ್ತಾರು ಕೈಗಳನ್ನು ದಾಟಿ ಹೋಗುತ್ತದೆ. ಆ ಕೈಗಳ ಕಣ್ಣು ತಪ್ಪಿಸಲು ಬಂದಿರುವ ಹೊಸ ಸಾಧನದ ಹೆಸರು ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್; ಬಳಕೆಯ ಮಾತಿನಲ್ಲಿ ವಿಪಿಎನ್. ಇದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅರಿಯಲು ಕಂಪ್ಯೂಟರ್ ವಿಜ್ಞಾನ ಓದಿರಬೇಕಾಗಿಲ್ಲ. ನಮ್ಮದೇ ನಾಡಿನ ಓಲೆ, ಅಂಚೆ, ತಂತಿಗಳ ಚರಿತ್ರೆಯನ್ನು ನೆನಪಿಸಿಕೊಂಡರೆ ಸಾಕು.

ಮುದ್ರೆ ಬೇರೆ, ಬೀಗ ಬೇರೆ

ವಿಜಯನಗರದ ಅರಸರ ತಾಮ್ರಶಾಸನಗಳನ್ನು ಕಂಡವರಿಗೆ ಅವುಗಳ ಬಳೆ ಮತ್ತು ಮುದ್ರೆಯ ಪರಿಚಯವಿರುತ್ತದೆ. ಮುದ್ರೆಯಲ್ಲಿ ವರಾಹ, ಶಾಸನದ ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ಶ್ರೀ ವಿರೂಪಾಕ್ಷ ಎಂಬ ಅಂಕಿತ. ಇವೆರಡೂ ಬರಹವನ್ನು ಬಚ್ಚಿಡುವುದಿಲ್ಲ. ಇದು ಅರಸನಿಂದಲೇ ಬಂದದ್ದು, ನಡುವೆ ಯಾರೋ ಸೃಷ್ಟಿಸಿದ್ದಲ್ಲ ಎಂದು ಸಾರುತ್ತವೆ.

ಬಚ್ಚಿಡುವ ವಿದ್ಯೆ ಬೇರೆಯೇ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಹುಗಾರರು ಬಳಸುವ ಗೂಢಲೇಖ್ಯದ ಪ್ರಸ್ತಾಪವಿದೆ. ವಾತ್ಸ್ಯಾಯನನು ಹೇಳುವ 64 ಕಲೆಗಳಲ್ಲಿ ಗುಟ್ಟಿನ ಬರವಣಿಗೆಯೂ ಒಂದು. ಅಕ್ಷರಗಳನ್ನು ಅದಲುಬದಲು ಮಾಡಿ, ಕೀಲಿ ತಿಳಿದವರಿಗಷ್ಟೇ ಅರ್ಥವಾಗುವಂತೆ ಬರೆಯುವ ಈ ಕೌಶಲ ಓಲೆಗೆ ಹಾಕುವ ಬೀಗವಿದ್ದಂತೆ.

ಒಂದು ಖಾಸಗಿ ಸಂದೇಶಕ್ಕೆ ಇವೆರಡೂ ಬೇಕು. ಮುದ್ರೆಯಿಲ್ಲದೆ ಬೀಗ ಮಾತ್ರ ಇದ್ದರೆ, ಬೀಗ ಹಾಕಿದವನೇ ಕಳ್ಳನಾಗಿರಬಹುದು. ಬೀಗವಿಲ್ಲದೆ ಮುದ್ರೆ ಮಾತ್ರ ಇದ್ದರೆ ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದು. ಈ ವ್ಯತ್ಯಾಸ ಇಂದಿನ ಮೊಬೈಲ್ ಯುಗದಲ್ಲೂ ಹಾಗೆಯೇ ಉಳಿದಿದೆ.

ಅಂಚೆಯವನೇ ಬೇಹುಗಾರ

ಕನ್ನಡನಾಡಿನ ವ್ಯವಸ್ಥಿತ ಅಂಚೆಯ ಕೀರ್ತಿ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಅವರು ರಾಜ್ಯದಾದ್ಯಂತ ಅಂಚೆಯ ಏರ್ಪಾಟು ಮಾಡಿದರು. ಆದರೆ ಆ ಅಂಚೆಗೆ ಎರಡು ಕೆಲಸಗಳಿದ್ದವು. ಪತ್ರ ಸಾಗಿಸುವುದು ಒಂದು. ತನ್ನ ಪ್ರದೇಶದಲ್ಲಿ ಗುಟ್ಟಾಗಿ ನಡೆಯುವುದನ್ನೆಲ್ಲ ಅರಮನೆಗೆ ವರದಿ ಮಾಡುವುದು ಇನ್ನೊಂದು. 19ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ವಿವರವಾಗಿ ದಾಖಲಿಸಿದ್ದಾನೆ. ಹೈದರ್ ಅಲಿಯೂ ಈ ವ್ಯವಸ್ಥೆಯನ್ನು ಚೆನ್ನಾಗಿ ಬಳಸಿಕೊಂಡ. 1770ರ ದಶಕದಲ್ಲಿ ಬಳ್ಳಾರಿ ಅವನ ವಶಕ್ಕೆ ಬಂದು, ಬೆಟ್ಟದ ಮೇಲಿನ ಕೋಟೆ ಬಲಗೊಂಡಿತು.

ಇಲ್ಲಿ ಒಂದು ಮೂಲಭೂತ ಸತ್ಯವಿದೆ. ಪತ್ರ ಒಯ್ಯುವವನಿಗೆ ಅದನ್ನು ಓದುವ ಅವಕಾಶವೂ ಇರುತ್ತದೆ. ಓದದಿದ್ದರೂ ಯಾರು ಯಾರಿಗೆ, ಎಷ್ಟು ಸಲ ಬರೆದರು ಎಂಬುದು ಅವನಿಗೆ ತಾನಾಗಿಯೇ ತಿಳಿಯುತ್ತದೆ. ಬಳ್ಳಾರಿಯ ಒಬ್ಬ ಸಾಹುಕಾರ ವಾರಕ್ಕೆ ಮೂರು ಸಲ ಒಬ್ಬ ಪಾಳೆಯಗಾರನಿಗೆ ಓಲೆ ಕಳಿಸುತ್ತಿದ್ದಾನೆ ಎಂಬ ಸುದ್ದಿಯೇ ಸಾಕು. ಓಲೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡಬೇಕಾಗಿಲ್ಲ.

ಕಾರ್ಡು, ತಂತಿ, ಸೆನ್ಸಾರ್

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದ. ಅಲ್ಲಿಂದ ಒಂದೂವರೆ ಶತಮಾನ ಬಳ್ಳಾರಿ ಮದರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು. ಮೈಸೂರಿನ ಅಂಚೆ 1889ರವರೆಗೂ ಪ್ರತ್ಯೇಕವಾಗಿತ್ತು. ಬಳ್ಳಾರಿಯ ಟಪಾಲು ಮಾತ್ರ ಬ್ರಿಟಿಷರ ಚೀಲದಲ್ಲಿ ಸಾಗುತ್ತಿತ್ತು.

1879ರಲ್ಲಿ ಭಾರತದಲ್ಲಿ ಪೋಸ್ಟ್ ಕಾರ್ಡ್ ಬಂತು. ಬೆಲೆ ಕಾಲಾಣೆ. ಬಡವರಿಗೆ ಇದು ವರವಾಯಿತು. ಆದರೆ ಕಾರ್ಡು ತೆರೆದ ಮಾತು. ಪೋಸ್ಟ್‌ಮನ್ನನಿಂದ ಹಿಡಿದು ಓಣಿಯ ಮಕ್ಕಳವರೆಗೆ ಎಲ್ಲರೂ ಓದಬಹುದಾದ ಮಾತು. ಮನೆಯ ಗುಟ್ಟಿದ್ದರೆ ಹೆಚ್ಚು ಕಾಸು ಕೊಟ್ಟು ಲಕೋಟೆಯಲ್ಲಿ ಹಾಕಬೇಕಿತ್ತು. ಹೀಗೆ ಗುಟ್ಟಿಗೆ ಒಂದು ಬೆಲೆ ಬಂತು.

ತಂತಿಯದು ಇನ್ನೊಂದು ಕತೆ. ತಂತಿ ಸಂದೇಶವನ್ನು ತಂತಿ ಗುಮಾಸ್ತ ಓದಿಯೇ ಕಳುಹಿಸಬೇಕು. ಆಚೆಯ ಗುಮಾಸ್ತ ಕೇಳಿಯೇ ಬರೆದುಕೊಳ್ಳಬೇಕು. ಆದ್ದರಿಂದಲೇ ಲೋಕದ ದೊಡ್ಡ ವರ್ತಕರು ಸಂಕೇತ ಪದಗಳ ಪುಸ್ತಕಗಳನ್ನು ಇಟ್ಟುಕೊಂಡರು. ಒಂದು ಪದಕ್ಕೆ ಒಂದು ವಾಕ್ಯದ ಅರ್ಥ. ಇದರಿಂದ ತಂತಿಯ ಖರ್ಚೂ ಕಡಿಮೆ, ಗುಟ್ಟೂ ಭದ್ರ.

ಸರ್ಕಾರ ಸುಮ್ಮನಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ 5ನೆಯ ಕಲಮು ತಂತಿ ಸಂದೇಶವನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1898ರ ಅಂಚೆ ಕಾಯ್ದೆಯ 26ನೆಯ ಕಲಮು ಅಂಚೆಯ ಮಟ್ಟಿಗೆ ಇಂಥದ್ದೇ ಅಧಿಕಾರ ನೀಡಿತು. ಬೋಯರ್ ಯುದ್ಧದ ಸೆರೆಯಾಳುಗಳನ್ನೂ ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೆರೆಯಾಳುಗಳನ್ನೂ ಬಳ್ಳಾರಿಗೆ ತಂದು ಇಟ್ಟಿದ್ದರು. ಯುದ್ಧಕೈದಿಗಳ ಪತ್ರಗಳು ಸೆನ್ಸಾರ್ ಮಾಡಿದ ನಂತರವೇ ಹೊರಹೋಗುವುದು ಆ ಕಾಲದ ನಿಯಮ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿದ್ದ ಸತ್ಯಾಗ್ರಹಿಗಳೂ ಈ ಅನುಭವವನ್ನು ಬಲ್ಲವರು. ಹೆಂಡತಿಗೆ ಬರೆದ ಕಾಗದವನ್ನು ಹೆಂಡತಿಗಿಂತ ಮೊದಲು ಜೈಲಿನ ಅಧಿಕಾರಿ ಓದುತ್ತಿದ್ದ.

ಸ್ವತಂತ್ರ ಭಾರತ ಈ ಎರಡು ಕಾಯ್ದೆಗಳನ್ನೂ ಬಹುಕಾಲ ಉಳಿಸಿಕೊಂಡಿತು. 1986ರಲ್ಲಿ ಅಂಚೆ ತಡೆಯುವ ಅಧಿಕಾರವನ್ನು ಮತ್ತಷ್ಟು ವಿಸ್ತರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ನೀಡಿದಾಗ ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡದ್ದು ಚರಿತ್ರೆಯ ಪುಟ ಸೇರಿದೆ.

ಕದ್ದಾಲಿಕೆಯಿಂದ ನ್ಯಾಯಪೀಠದವರೆಗೆ

ದೂರವಾಣಿ ಬಂದ ಮೇಲೆ ಕಣ್ಣಿನ ಬದಲು ಕಿವಿಯ ಭಯ ಶುರುವಾಯಿತು. ಟ್ರಂಕ್ ಕಾಲ್ ಜೋಡಿಸುತ್ತಿದ್ದ ಆಪರೇಟರಿಗೆ ಮಾತು ಕೇಳುವ ಅವಕಾಶವಿತ್ತು. ಮುಂದೆ ಎಸ್‌ಟಿಡಿ ಬೂತುಗಳು ಬಂದಾಗ ಗಾಜಿನ ಬಾಗಿಲಿನ ಹಿಂದೆ ನಿಂತು ಮಾತಾಡಿದರೂ ಹೊರಗಿನ ಸಾಲಿಗೆ ಅರ್ಧ ಸುದ್ದಿ ತಿಳಿಯುತ್ತಿತ್ತು. ಗೋಡೆಗೂ ಕಿವಿಯುಂಟು ಎಂಬ ಗಾದೆಯನ್ನು ಆ ಪೀಳಿಗೆ ಅಕ್ಷರಶಃ ಅನುಭವಿಸಿತು.

ಈ ಕಿವಿ ರಾಜಕೀಯವನ್ನೂ ಅಲುಗಿಸಬಲ್ಲದು ಎಂದು ದೇಶಕ್ಕೆ ತೋರಿಸಿದ್ದು ಕರ್ನಾಟಕ. ದೂರವಾಣಿ ಕದ್ದಾಲಿಕೆಯ ವಿವಾದದ ನಡುವೆ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪಿಯುಸಿಎಲ್ ಸಂಸ್ಥೆಯ ಮೊಕದ್ದಮೆಯಲ್ಲಿ ತೀರ್ಪು ನೀಡಿ, ದೂರವಾಣಿ ಸಂಭಾಷಣೆ ಖಾಸಗಿ ಬದುಕಿನ ಭಾಗವೆಂದಿತು. ಕಾನೂನು ವಿಧಿಸಿದ ಕ್ರಮವಿಲ್ಲದೆ ಅದನ್ನು ಆಲಿಸುವಂತಿಲ್ಲವೆಂದು ಮಾರ್ಗಸೂಚಿ ಹಾಕಿಕೊಟ್ಟಿತು.

ಖಾಸಗಿತನ ಮೂಲಭೂತ ಹಕ್ಕೇ ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2017ರ ಆಗಸ್ಟ್ 24ರಂದು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೌದೆಂದಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ 80 ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

1885 ಮತ್ತು 1898ರ ಹಳೆಯ ಕಾಯ್ದೆಗಳ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಮತ್ತು ಅಂಚೆ ಕಚೇರಿ ಕಾಯ್ದೆ ಬಂದವು. ಸಂದೇಶ ತಡೆಯುವ ಅಧಿಕಾರ ಹೊಸ ಕಾಯ್ದೆಗಳಲ್ಲೂ ಇದೆ. ಹಕ್ಕೂ ಇದೆ, ಅಧಿಕಾರವೂ ಇದೆ. ಇವೆರಡರ ನಡುವಿನ ಗೆರೆ ಎಲ್ಲಿ ಎಂಬ ಚರ್ಚೆ ಮುಗಿದಿಲ್ಲ.

ಕಾರ್ಡಿನಂತೆ ಬಂದ ಇಂಟರ್ನೆಟ್

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಆಗಿನ ಇಂಟರ್ನೆಟ್ ಬಹುಮಟ್ಟಿಗೆ ಪೋಸ್ಟ್ ಕಾರ್ಡಿನ ಜಾತಿಯದು. ವಿಳಾಸದ ಮೊದಲಿಗೆ ಎಚ್‌ಟಿಟಿಪಿ ಎಂದಿದ್ದರೆ, ಬರೆದದ್ದೆಲ್ಲ ತೆರೆದ ಅಕ್ಷರಗಳಲ್ಲೇ ಸಾಗುತ್ತಿತ್ತು. ಸೈಬರ್ ಕೆಫೆಯಲ್ಲಿ ಕುಳಿತು ಪರೀಕ್ಷೆಯ ಫಲಿತಾಂಶ ನೋಡಿದವರಿಗೆ ಇದರ ಗೊಡವೆ ಇರಲಿಲ್ಲ.

ಬ್ಯಾಂಕು, ಅಂಗಡಿಗಳು ಇಂಟರ್ನೆಟ್ಟಿಗೆ ಬರತೊಡಗಿದಾಗ ಕಾರ್ಡು ಸಾಲದಾಯಿತು. 1990ರ ದಶಕದ ಮಧ್ಯದಲ್ಲಿ ನೆಟ್‌ಸ್ಕೇಪ್ ಕಂಪನಿ ಮುದ್ರೆ ಮತ್ತು ಬೀಗ ಎರಡನ್ನೂ ಒಟ್ಟಿಗೆ ಕೊಡುವ ವಿಧಾನವೊಂದನ್ನು ರೂಪಿಸಿತು. ವಿಳಾಸದಲ್ಲಿ ಎಚ್‌ಟಿಟಿಪಿ ಜತೆಗೆ ಒಂದು ಎಸ್ ಸೇರಿಕೊಂಡಿತು. ಜಾಲತಾಣ ತನ್ನ ಗುರುತಿನ ಪ್ರಮಾಣಪತ್ರ ತೋರಿಸುತ್ತದೆ. ಇದು ವರಾಹ ಮುದ್ರೆ ಇದ್ದಂತೆ. ಅನಂತರ ಇಬ್ಬರ ನಡುವಿನ ಮಾತು ಗೂಢಲಿಪಿಯಲ್ಲಿ ಸಾಗುತ್ತದೆ, ಇದು ಬೀಗ.

ಆದರೂ ಬಹುಕಾಲ ಬ್ಯಾಂಕುಗಳಂಥ ಕೆಲವರು ಮಾತ್ರ ಲಕೋಟೆಯ ಖರ್ಚು ಹಾಕಿದರು. ಉಳಿದವರು ಕಾರ್ಡಿನಲ್ಲೇ ನಡೆಸಿದರು. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ತಂತ್ರಜ್ಞ ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶ ಹೊರತಂದ. ತೆರೆದ ವೈ-ಫೈ ಇರುವ ಹೋಟೆಲಿನಲ್ಲಿ ಕುಳಿತು, ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಯೊಳಗೆ ಒಂದೇ ಒತ್ತಿಗೆ ಹೋಗಬಹುದು ಎಂದು ಅದು ಲೋಕಕ್ಕೆಲ್ಲ ತೋರಿಸಿತು. ಕಂಪನಿಗಳು ಎಚ್ಚೆತ್ತವು. 2013ರಲ್ಲಿ ಎಡ್ವರ್ಡ್ ಸ್ನೋಡನ್ ಬಯಲು ಮಾಡಿದ ದಾಖಲೆಗಳು ಸರ್ಕಾರಗಳ ಕಣ್ಣು ಎಷ್ಟು ದೂರ ಚಾಚಿದೆ ಎಂದು ತಿಳಿಸಿದವು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವಾಸಂಸ್ಥೆ 2015ರ ಕೊನೆಯಿಂದ ಪ್ರಮಾಣಪತ್ರಗಳನ್ನು ಉಚಿತವಾಗಿ ಹಂಚತೊಡಗಿತು. 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ಎಲ್ಲ ಸಂದೇಶಗಳಿಗೂ, ಕಳಿಸಿದವರು ಮತ್ತು ಪಡೆದವರು ಮಾತ್ರ ತೆರೆಯಬಲ್ಲ ಬೀಗ ಹಾಕಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಎಸ್ ಇಲ್ಲದ ತಾಣಗಳನ್ನು ಸುರಕ್ಷಿತವಲ್ಲ ಎಂದು ಗುರುತಿಸಿತು.

ಹೀಗೆ ಇಂದಿನ ಇಂಟರ್ನೆಟ್ಟಿನ ಬಹುಪಾಲು ಪತ್ರಗಳು ಲಕೋಟೆಯಲ್ಲೇ ಸಾಗುತ್ತಿವೆ. ಆದರೆ ಲಕೋಟೆಯ ಮೇಲಿನ ವಿಳಾಸ ಮಾತ್ರ ಮೊಬೈಲ್ ಕಂಪನಿಗೂ ವೈ-ಫೈ ಇಟ್ಟವನಿಗೂ ಸಾಮಾನ್ಯವಾಗಿ ಕಾಣುತ್ತದೆ. ಒಳಗಿನ ಮಾತು ತಿಳಿಯದಿದ್ದರೂ ಯಾವ ಆಸ್ಪತ್ರೆಯ, ಯಾವ ಬ್ಯಾಂಕಿನ, ಯಾವ ಪಕ್ಷದ ತಾಣಕ್ಕೆ ಹೋದಿರಿ ಎಂಬುದು ತಿಳಿಯುತ್ತದೆ. ಚಿಕ್ಕದೇವರಾಜರ ಅಂಚೆಯವನಿಗೆ ತಿಳಿಯುತ್ತಿದ್ದುದೂ ಇಷ್ಟೇ.

ಚೀಲದೊಳಗೆ ಲಕೋಟೆ

ಇಲ್ಲಿ ವಿಪಿಎನ್ ಪ್ರವೇಶಿಸುತ್ತದೆ. ಕುರುಗೋಡಿನ ಒಬ್ಬ ರೈತ ಬೆಂಗಳೂರಿನ ಬ್ಯಾಂಕಿಗೆ ಪತ್ರ ಬರೆದನೆಂದು ಭಾವಿಸೋಣ. ಲಕೋಟೆಯ ಮೇಲೆ ಬ್ಯಾಂಕಿನ ಹೆಸರಿದೆ. ದಾರಿಯುದ್ದಕ್ಕೂ ಎಲ್ಲರಿಗೂ ಅದು ಕಾಣುತ್ತದೆ. ಈಗ ಆತ ಆ ಲಕೋಟೆಯನ್ನು ಒಂದು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಮುಂಬಯಿಯ ಒಬ್ಬ ಮಧ್ಯವರ್ತಿಯ ಹೆಸರಿಗೆ ಕಳಿಸುತ್ತಾನೆ. ಟಪಾಲು ಹೊರುವವನಿಗೆ ಕಾಣುವುದು ಮುಂಬಯಿಗೆ ಹೋಗುವ ಚೀಲ ಮಾತ್ರ. ಮುಂಬಯಿಯಲ್ಲಿ ಮಧ್ಯವರ್ತಿ ಚೀಲ ಬಿಚ್ಚಿ, ಲಕೋಟೆಯ ಮೇಲೆ ತನ್ನ ಊರಿನ ಠಸ್ಸೆ ಒತ್ತಿ ಬ್ಯಾಂಕಿಗೆ ಕಳಿಸುತ್ತಾನೆ. ಬ್ಯಾಂಕಿನ ಉತ್ತರವೂ ಇದೇ ದಾರಿಯಲ್ಲಿ, ಚೀಲದೊಳಗೆ ಸೇರಿ ಕುರುಗೋಡಿಗೆ ಮರಳುತ್ತದೆ.

ವಿಪಿಎನ್ ಮಾಡುವುದು ಇಷ್ಟನ್ನೇ. ಚೀಲವೆಂದರೆ ಗೂಢಲಿಪಿಯ ಹೊದಿಕೆ. ಮಧ್ಯವರ್ತಿಯೆಂದರೆ ವಿಪಿಎನ್ ಕಂಪನಿಯ ಸರ್ವರ್. ಠಸ್ಸೆಯೆಂದರೆ ಐಪಿ ವಿಳಾಸ.

ಇದು ಹುಟ್ಟಿದ್ದು ಗುಟ್ಟಿನ ಮೋಹದಿಂದಲ್ಲ, ಖರ್ಚಿನ ಲೆಕ್ಕದಿಂದ. ಹಲವು ಊರುಗಳಲ್ಲಿ ಶಾಖೆಗಳಿದ್ದ ಕಂಪನಿಗಳು ಮೊದಲು ಪ್ರತ್ಯೇಕ ತಂತಿಮಾರ್ಗಗಳನ್ನು ಬಾಡಿಗೆಗೆ ಪಡೆಯುತ್ತಿದ್ದವು. ಅದು ದುಬಾರಿ. ಸಾರ್ವಜನಿಕ ಇಂಟರ್ನೆಟ್ಟಿನ ಒಳಗೇ ಬೀಗ ಹಾಕಿದ ಸುರಂಗವೊಂದನ್ನು ಕೊರೆದರೆ ಅದೇ ಕೆಲಸ ಅಗ್ಗವಾಗಿ ಆಗುತ್ತದೆ. ಸ್ವಂತ ರಸ್ತೆಯಿಲ್ಲ, ಆದರೆ ಸ್ವಂತ ರಸ್ತೆಯಿದ್ದಂತೆ. ವರ್ಚುವಲ್ ಎಂಬ ಪದದ ಅರ್ಥವೂ ಅದೇ. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಇತರ ಕಂಪನಿಗಳು ಸೇರಿ ರೂಪಿಸಿದ ಪಿಪಿಟಿಪಿ ಎಂಬ ವಿಧಾನ ಇದನ್ನು ಜನಪ್ರಿಯಗೊಳಿಸಿತು. ಮೈಕ್ರೋಸಾಫ್ಟ್ ಅದಕ್ಕೆ ಹಾಕಿದ್ದ ಬೀಗ ದುರ್ಬಲವೆಂದು 1998ರಲ್ಲೇ ತಜ್ಞರು ತೋರಿಸಿದರು. 2001ರಲ್ಲಿ ಓಪನ್‌ವಿಪಿಎನ್ ಬಂತು. ತೀರ ಈಚಿನ ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್‌ನ ಭಾಗವಾಯಿತು. 2011ರ ಆ್ಯಂಡ್ರಾಯ್ಡ್ 4.0 ಆವೃತ್ತಿಯಿಂದ ಯಾವ ಆ್ಯಪ್ ಬೇಕಾದರೂ ಮೊಬೈಲಿನಲ್ಲಿ ವಿಪಿಎನ್ ನಡೆಸುವ ದಾರಿ ತೆರೆಯಿತು.

ಸರ್ಕಾರಿ ಕಚೇರಿಗಳೂ ಈ ಅಗತ್ಯವನ್ನು ಬಲ್ಲವು. ಭೂಮಿ ಯೋಜನೆಯಡಿ 2001ರ ಸುಮಾರಿಗೆ ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲೆ, ಸಿರುಗುಪ್ಪದಂಥ ತಾಲ್ಲೂಕು ಕಚೇರಿಯಲ್ಲಿ ಯಾರು ದಾಖಲೆ ತಿದ್ದಿದರು ಎಂದು ಗುರುತಿಸಲು ಬೆರಳಚ್ಚಿನ ವ್ಯವಸ್ಥೆ ಬಂತು. ತಾಲ್ಲೂಕು, ಜಿಲ್ಲೆ, ರಾಜಧಾನಿಗಳನ್ನು ಜೋಡಿಸಲು ಕೆಸ್ವಾನ್ ಎಂಬ ಸರ್ಕಾರದ್ದೇ ಆದ ಜಾಲ ನಿರ್ಮಾಣವಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಘೋಷಣೆಯಾಗಿ ಬೆಂಗಳೂರಿನ ಎಂಜಿನಿಯರುಗಳು ತಮ್ಮ ಊರು ಸೇರಿದಾಗ, ಕಚೇರಿಯ ಕಡತಗಳಿಗೂ ಊರಿನ ಲ್ಯಾಪ್‌ಟಾಪಿಗೂ ನಡುವೆ ಕೊಂಡಿಯಾದದ್ದು ವಿಪಿಎನ್ನೇ. ಕಂಪನಿಯ ಚೀಲವನ್ನು ಕಂಪನಿಯ ಕಚೇರಿಯಲ್ಲೇ ಬಿಚ್ಚುತ್ತಾರೆ. ಅಲ್ಲಿ ನಂಬಿಕೆಯ ಪ್ರಶ್ನೆ ಸರಳ.

ಚೀಲ ಬಿಚ್ಚುವವನು ಯಾರು

ಮೊಬೈಲಿನ ಉಚಿತ ವಿಪಿಎನ್ ಆ್ಯಪ್‌ಗಳ ವಿಷಯ ಅಷ್ಟು ಸರಳವಲ್ಲ. ಮಧ್ಯವರ್ತಿ ಚೀಲ ಬಿಚ್ಚಿದಾಗ ಪ್ರತಿ ಲಕೋಟೆಯ ವಿಳಾಸವೂ ಅವನ ಕಣ್ಣಿಗೆ ಬೀಳುತ್ತದೆ. ಕಾರ್ಡಿದ್ದರೆ ಒಳಗಿನ ಮಾತೂ ಕಾಣುತ್ತದೆ. ಮೊಬೈಲ್ ಕಂಪನಿಯ ಕಣ್ಣು ತಪ್ಪಿತು, ನಿಜ. ಆದರೆ ಆ ಜಾಗಕ್ಕೆ ಇನ್ನೊಬ್ಬನ ಕಣ್ಣು ಬಂತು. ವಿಪಿಎನ್ ನಂಬಿಕೆಯ ಅಗತ್ಯವನ್ನು ತೆಗೆದುಹಾಕುವುದಿಲ್ಲ. ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುತ್ತದೆ.

ಇದಕ್ಕೆ ಒನಾವೊ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಇಸ್ರೇಲಿನ ಈ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತು. ನಿಮ್ಮ ಮಾಹಿತಿಯನ್ನು ಕಾಪಾಡುತ್ತೇವೆ ಎಂದು ಹೇಳಿಕೊಂಡು ಉಚಿತ ವಿಪಿಎನ್ ಆ್ಯಪ್ ಹಂಚಲಾಯಿತು. ಜನ ಯಾವ ಯಾವ ಆ್ಯಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆ ಎಂಬ ಲೆಕ್ಕ ಅದೇ ದಾರಿಯಲ್ಲಿ ಫೇಸ್‌ಬುಕ್‌ನ ವ್ಯಾಪಾರಕ್ಕೆ ಒದಗಿತು. 2018ರಲ್ಲಿ ಅದು ಆ್ಯಪಲ್‌ನ ಅಂಗಡಿಯಿಂದ ಹೊರಬಿತ್ತು, 2019ರಲ್ಲಿ ಮುಚ್ಚಿತು. 2023ರ ಜುಲೈಯಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಇದಕ್ಕಾಗಿ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇದು ಒಂಟಿ ಪ್ರಕರಣವೂ ಅಲ್ಲ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಸಂಶೋಧಕರು ಇತರರೊಡನೆ ಸೇರಿ 2016ರಲ್ಲಿ ಆ್ಯಂಡ್ರಾಯ್ಡ್‌ನ 283 ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಶೇ 38ರಷ್ಟರಲ್ಲಿ ದುಷ್ಟ ತಂತ್ರಾಂಶದ ಸುಳಿವುಗಳಿದ್ದವು. ಶೇ 18ರಷ್ಟು ಆ್ಯಪ್‌ಗಳು ಸಂದೇಶಕ್ಕೆ ಬೀಗವನ್ನೇ ಹಾಕುತ್ತಿರಲಿಲ್ಲ. ಶೇ 75ರಷ್ಟು ಆ್ಯಪ್‌ಗಳು ಬಳಕೆದಾರರ ಜಾಡು ಹಿಡಿಯುವ ಹೊರಗಿನವರ ತಂತ್ರಾಂಶವನ್ನು ಒಳಗಿಟ್ಟುಕೊಂಡಿದ್ದವು. ಗುಟ್ಟು ಕಾಯಲು ಹಾಕಿಕೊಂಡ ಆ್ಯಪ್‌ಗಳ ಗತಿ ಇದು.

ಇನ್ನೊಂದು ಕಡೆ ಸರ್ಕಾರದ ನಿಲುವಿದೆ. ಭಾರತದಲ್ಲಿ ವಿಪಿಎನ್ ಬಳಕೆ ಸಾಮಾನ್ಯವಾಗಿ ಕಾನೂನುಬಾಹಿರವಲ್ಲ. ಆದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ತಮ್ಮ ಗ್ರಾಹಕರ ಹೆಸರು, ವಿಳಾಸ, ಬಳಸಿದ ಐಪಿ ವಿಳಾಸ ಮೊದಲಾದ ವಿವರಗಳನ್ನು 5 ವರ್ಷ ಇಟ್ಟಿರಬೇಕು. ಅಪರಾಧ ತನಿಖೆಗೆ ಇದು ಅಗತ್ಯವೆಂಬುದು ಸರ್ಕಾರದ ವಾದ. ಯಾವ ದಾಖಲೆಯನ್ನೂ ಇಡುವುದಿಲ್ಲ ಎಂಬ ಭರವಸೆಯ ಮೇಲೆಯೇ ವ್ಯಾಪಾರ ನಡೆಸುತ್ತಿದ್ದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ಅದೇ ವರ್ಷ ತೆಗೆದವು. ನೌಕರರಿಗಾಗಿ ಕಂಪನಿಗಳು ನಡೆಸುವ ವಿಪಿಎನ್‌ಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಜಮ್ಮು ಮತ್ತು ಕಾಶ್ಮೀರದಲ್ಲಂತೂ 2020ರಲ್ಲಿ ಇಂಟರ್ನೆಟ್ ನಿರ್ಬಂಧದ ನಡುವೆ ವಿಪಿಎನ್ ಬಳಸಿದವರ ಮೇಲೆ ಪೊಲೀಸರು ಮೊಕದ್ದಮೆ ಹೂಡಿದ್ದುಂಟು.

ಯಾರ ಕೈಯಲ್ಲಿ ಕಳಿಸಿದೆ?

ಇವೆಲ್ಲದರಿಂದ ಬಳ್ಳಾರಿ ಸೀಮೆಯ ಸಾಮಾನ್ಯ ಮೊಬೈಲ್ ಬಳಕೆದಾರರು ಅರಿಯಬೇಕಾದದ್ದೇನು? ಬಳ್ಳಾರಿಯ ಜೀನ್ಸ್ ಹೊಲಿಯುವ ಸಣ್ಣ ಘಟಕದವರು ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ಪಡೆಯುತ್ತಾರೆ. ಸಿರುಗುಪ್ಪದ ಅಕ್ಕಿ ಗಿರಣಿಗೆ ಭತ್ತ ಹಾಕಿದ ರೈತ ಹಣ ಬಂತೇ ಎಂದು ಮೊಬೈಲಿನಲ್ಲೇ ನೋಡುತ್ತಾನೆ. ಬ್ಯಾಂಕು ಹಾಗೂ ಯುಪಿಐ ಆ್ಯಪ್‌ಗಳಿಗೆ ತಮ್ಮದೇ ಬೀಗವಿದೆ. ವಿಪಿಎನ್ ಇಲ್ಲದಿದ್ದರೂ ಅವು ಲಕೋಟೆಯಲ್ಲೇ ಸಾಗುತ್ತವೆ. ಕೆಲವು ಬ್ಯಾಂಕ್ ಆ್ಯಪ್‌ಗಳು ವಿಪಿಎನ್ ಕಂಡರೆ ಕೆಲಸ ಮಾಡಲು ಒಪ್ಪುವುದೂ ಇಲ್ಲ. ಹಣದ ಕೆಲಸಕ್ಕೆ ಹೊರಗಿನ ವೈ-ಫೈ ಬಿಟ್ಟು ತಮ್ಮದೇ ಮೊಬೈಲ್ ಡೇಟಾ ಬಳಸುವುದು ಅತ್ಯಂತ ಸುಲಭದ ಎಚ್ಚರಿಕೆ.

ಹೊರಗಿನ ವೈ-ಫೈಯನ್ನೇ ನೆಚ್ಚಬೇಕಾದವರಿಗೆ, ತಾವು ನೋಡುವ ತಾಣಗಳ ವಿಳಾಸ ಅನ್ಯರಿಗೆ ತಿಳಿಯಬಾರದೆನ್ನುವವರಿಗೆ ವಿಪಿಎನ್ ನಿಜವಾಗಿಯೂ ಉಪಯುಕ್ತ. ಆದರೆ ಹಾಕಿಕೊಳ್ಳುವ ಮುನ್ನ ಆ್ಯಪ್ ಯಾರದು, ಹಣ ಪಡೆಯದಿದ್ದರೆ ಅವರ ಹೊಟ್ಟೆಪಾಡು ಹೇಗೆ, ಸಂಪರ್ಕಗಳ ಪಟ್ಟಿ ಮತ್ತು ಎಸ್‌ಎಂಎಸ್ ಓದುವ ಅನುಮತಿಯನ್ನು ಏಕೆ ಕೇಳುತ್ತಿದೆ ಎಂದು ನೋಡಬೇಕು. ಆ್ಯಂಡ್ರಾಯ್ಡ್ ಮೊಬೈಲಿನಲ್ಲಿ ವಿಪಿಎನ್ ನಡೆಯುತ್ತಿದ್ದರೆ ಪರದೆಯ ಮೇಲಂಚಿನಲ್ಲಿ ಕೀಲಿಕೈಯ ಸಣ್ಣ ಚಿತ್ರ ಮೂಡುವುದು ರೂಢಿ. ತಾವು ಹಾಕದೆ ಆ ಚಿತ್ರ ಕಂಡರೆ ಸೆಟ್ಟಿಂಗ್ಸ್ ತೆರೆದು ಪರಿಶೀಲಿಸುವುದು ಒಳ್ಳೆಯದು.

ವಿಪಿಎನ್ ತಡೆಯಲಾರದ ಮೋಸಗಳೇ ಹೆಚ್ಚು ಎಂಬುದನ್ನೂ ಮರೆಯುವಂತಿಲ್ಲ. ಸರ್ಕಾರಿ ಯೋಜನೆಯ ಹೆಸರಿನಲ್ಲಿ ಬರುವ ನಕಲಿ ಆ್ಯಪ್, ಫೋನಿನಲ್ಲಿ ಒಟಿಪಿ ಕೇಳುವ ಸಿಹಿ ದನಿ, ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆ ಇವು ದಾರಿಯಲ್ಲಿ ಪತ್ರ ಕದಿಯುವುದಿಲ್ಲ. ಬರೆಯುವವನಿಂದಲೇ ಬರೆಸಿಕೊಳ್ಳುತ್ತವೆ. ಕಳ್ಳನಿಗೇ ಬರೆದ ಪತ್ರವನ್ನು ಎಷ್ಟು ಭದ್ರವಾದ ಚೀಲದಲ್ಲಿ ಹಾಕಿದರೂ ಅದು ಕಳ್ಳನಿಗೇ ಭದ್ರವಾಗಿ ತಲುಪುತ್ತದೆ. ಬೀಗದ ಚಿತ್ರವಿದ್ದ ಮಾತ್ರಕ್ಕೆ ತಾಣ ಪ್ರಾಮಾಣಿಕವೆಂದು ಜನ ತಪ್ಪಾಗಿ ತಿಳಿಯುತ್ತಿದ್ದುದರಿಂದ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನೇ ಕೈಬಿಟ್ಟಿತು. ಮೋಸ ಹೋದವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಹಿಂದೆ ಊರಿನಿಂದ ಊರಿಗೆ ಹಣವನ್ನೋ ಮುಖ್ಯ ಸುದ್ದಿಯನ್ನೋ ಕಳಿಸಿದರೆ ಮನೆಯ ಹಿರಿಯರು ಏನು ಕಳಿಸಿದೆ ಎನ್ನುವ ಮೊದಲೇ ಇನ್ನೊಂದು ಮಾತು ಕೇಳುತ್ತಿದ್ದರು: ‘ಯಾರ ಕೈಯಾಗ ಕಳಿಸಿದಿ?’ ಮೊಬೈಲಿನಲ್ಲಿ ಹೊಸ ಆ್ಯಪ್ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.